ಚೀಲ ಕಾಯುವವರೂ ನೀರಿಗಿಳಿಯಲಿ

ಸಂಕ್ರಾಂತಿಯ ದಿನ ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಬುತ್ತಿಗಂಟು ಬಿಚ್ಚುವ ಮೊದಲು ಎಲ್ಲರೂ ನೀರಿಗಿಳಿದು ಬರಬೇಕು. ಎಳ್ಳು, ಅರಿಸಿನ ಅರೆದು ಮೈಗೆ ಹಚ್ಚಿಕೊಂಡು ತುಂಗಭದ್ರೆಯಲ್ಲಿ ಮುಳುಗೆದ್ದವರಿಗೆ ಆಮೇಲೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮಾದಲಿ. ಮುಂಡರಗಿಯಿಂದ ಹೂವಿನಹಡಗಲಿಗೆ ಹೋಗುವ ರಸ್ತೆ ಇಲ್ಲಿ ಸೇತುವೆ ಏರಿ ಹೊಳೆ ದಾಟುತ್ತದೆ. ಆಚೆ ದಂಡೆಗೆ ಮದಲಗಟ್ಟಿ, ಅಲ್ಲಿ ಆಂಜನೇಯನ ಗುಡಿ. ಸುತ್ತಲಿನ ಊರುಗಳ ಜನಕ್ಕೆ ವರ್ಷದಲ್ಲಿ ನೀರಿನ ಹಬ್ಬವೆಂದರೆ ಇದೊಂದೇ ದಿನ.

ಆ ದಿನ ಕೊಂಚ ಹೊತ್ತು ದಂಡೆಯಲ್ಲಿ ಕೂತು ನೋಡಬೇಕು. ಹುಡುಗರು ನೀರು ಬಿಟ್ಟು ಏಳುವುದೇ ಇಲ್ಲ. ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಮಳೆ–ಬೆಳೆಯ ಮಾತಿಗಿಳಿಯುತ್ತಾರೆ. ಹೆಂಗಸರು ಮೂಗು ಹಿಡಿದು ಮೂರು ಮುಳುಗು ಹಾಕಿ, ಸೀರೆಯ ಸೆರಗು ಹಿಂಡುತ್ತ ದಂಡೆಗೆ ಬಂದುಬಿಡುತ್ತಾರೆ. ಬುತ್ತಿ ಕಾಯಬೇಕು, ಒಣಬಟ್ಟೆ ಕಾಯಬೇಕು, ಚಪ್ಪಲಿ ಕಾಯಬೇಕು. ಹೊಳೆಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳಿಗೂ ನೀರಿನಲ್ಲಿ ಆಡಿದ ನೆನಪು ಹತ್ತು–ಹನ್ನೆರಡನೆಯ ವಯಸ್ಸಿಗೆ ನಿಂತುಹೋಗಿರುತ್ತದೆ. ಅಲ್ಲಿಂದಾಚೆ ನೀರೆಂದರೆ ಕೊಡ, ಬಟ್ಟೆ, ಪಾತ್ರೆ.

ಇದೇ ಸೀಮೆಯ ಕುಟುಂಬವೊಂದು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ತಲೆಗೆ ಸಾವಿರಕ್ಕೂ ಹೆಚ್ಚು ರೂಪಾಯಿ ಕೊಟ್ಟು ದೊಡ್ಡ ವಾಟರ್ ಪಾರ್ಕಿನ ಒಳಗೆ ಕಾಲಿಟ್ಟಾಗಲೂ ಚಿತ್ರ ಬದಲಾಗುವುದಿಲ್ಲ. ಅಲೆಗಳ ಕೊಳದ ಮೆಟ್ಟಿಲ ಮೇಲೆ ಒಬ್ಬ ತಾಯಿ ಕೂತಿರುತ್ತಾಳೆ. ತೊಡೆಯ ಮೇಲೆ ಎರಡು ಚೀಲ, ಕೈಯಲ್ಲಿ ಮೂರು ಮೊಬೈಲು, ಮಡಿಲಲ್ಲಿ ಯಜಮಾನರ ಕನ್ನಡಕ. ಉಳಿದವರಷ್ಟೇ ಟಿಕೆಟ್ ದುಡ್ಡು ಅವಳದೂ ಹೋಗಿದೆ. ಸಂಜೆಯವರೆಗೆ ಅವಳ ಅಂಗಾಲು ಸಹ ತೋಯುವುದಿಲ್ಲ. ವಾಟರ್ ಪಾರ್ಕಿನ ದಿನವನ್ನು ಹೇಗೆ ಯೋಜಿಸಬೇಕು ಎಂದು ಕೇಳುವವರಿಗೆ ಮೊದಲು ಹೇಳಬೇಕಾದ್ದು ಇದನ್ನೇ: ಯೋಜನೆ ಅವಳಿಂದ ಶುರುವಾಗಲಿ. ಅವಳು ನೀರಿಗಿಳಿಯುವಂತೆ ದಿನವನ್ನು ಕಟ್ಟಿದರೆ ಉಳಿದವರ ದಿನ ತಾನಾಗಿ ಕೂಡಿಬರುತ್ತದೆ.

ಉತ್ತರ ಕರ್ನಾಟಕದ ಶಾಲೆ, ಕುಟುಂಬಗಳ ಪ್ರವಾಸದ ಪಟ್ಟಿಯಲ್ಲಿ ಮೈಸೂರು ಅರಮನೆ, ಚಾಮುಂಡಿಬೆಟ್ಟದ ಪಕ್ಕದಲ್ಲೇ ಈಗ ಬಿಡದಿಯ ವಂಡರ್‌ಲಾ ಇರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಗೆ, ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ 82 ಎಕರೆಯಲ್ಲಿ ಹರಡಿಕೊಂಡ ಈ ಉದ್ಯಾನ ತೆರೆದದ್ದು 2005ರಲ್ಲಿ. ವೋಲ್ಟೇಜ್ ಸ್ಟೆಬಿಲೈಸರ್‌ಗಳಿಂದ ಹೆಸರಾದ ವಿ–ಗಾರ್ಡ್ ಸಂಸ್ಥೆಯ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿದ್ದರು. ಬಿಡದಿಯದೂ ಅವರದೇ, ಅದರ ನಂತರದ್ದು. ಹೈದರಾಬಾದಿನದು 2016ರಲ್ಲಿ, ಭುವನೇಶ್ವರದ್ದು 2024ರಲ್ಲಿ ಬಂದವು. ಮೈಸೂರಿನಲ್ಲಿ ಕೆಆರ್‌ಎಸ್ ರಸ್ತೆಯ ಮೇಟಗಳ್ಳಿ ಬಳಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ, ಬೆಂಗಳೂರಿನ ಜಯಮಹಲ್ ಕಡೆ ಫನ್ ವರ್ಲ್ಡ್ ಇದೆ, ಮಂಗಳೂರಿನ ಪಿಲಿಕುಳದಲ್ಲಿ ಮಾನಸ ಇದೆ.

ಜಗತ್ತಿನ ಮಟ್ಟದಲ್ಲೂ ಇದು ಹಳೆಯ ಉದ್ಯಮವಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಜಾರ್ಜ್ ಮಿಲ್ಲೆ ಎಂಬವರು ‘ವೆಟ್ ಅಂಡ್ ವೈಲ್ಡ್’ ತೆರೆದದ್ದು 1977ರಲ್ಲಿ. ಇಂದಿನ ವಾಟರ್ ಪಾರ್ಕುಗಳ ನಕಾಶೆ ಬಹುಮಟ್ಟಿಗೆ ಅಲ್ಲಿಂದ ಬಂದದ್ದು. ಭಾರತಕ್ಕೆ ದೊಡ್ಡ ಪ್ರಮಾಣದಲ್ಲಿ ಇದು ಕಾಲಿಟ್ಟದ್ದು 1998ರಲ್ಲಿ, ಮುಂಬೈನ ಗೋರಾಯಿಯ ವಾಟರ್ ಕಿಂಗ್‌ಡಮ್ ಮೂಲಕ. ಆದರೆ ನೀರನ್ನು ಕಟ್ಟಡದೊಳಗೆ ತಂದು ಅದರ ಸುತ್ತ ಸಂಭ್ರಮಪಡುವ ಆಸೆ ತುಂಗಭದ್ರೆಯ ಸೀಮೆಗೆ ಹೊಸದಲ್ಲ. ಇದೇ ಹೊಳೆಯ ಕೆಳಹರಿವಿನಲ್ಲಿ, ಹಂಪಿಯ ರಾಣಿಯರ ಸ್ನಾನಗೃಹದ ಕೊಳ 15 ಮೀಟರ್ ಚೌಕ, 1.8 ಮೀಟರ್ ಆಳ. ಸುತ್ತ ಉಪ್ಪರಿಗೆಗಳು, ಕಮಾನುಗಳು. ಗದಗದ ಮಗ್ಗುಲಿನ ಲಕ್ಕುಂಡಿಯಲ್ಲಿ ಮುಸುಕಿನ ಬಾವಿಯ ಮೆಟ್ಟಿಲಿಳಿದವರಿಗೆ ಆ ಕುಶಲತೆಯ ಮೇಲ್ಮಟ್ಟ ಎಂಥದೆಂದು ಗೊತ್ತು.

ಕೊರ್ಲಹಳ್ಳಿಯಿಂದ ಹೊರಡುವವರಿಗೆ ದಾರಿ ಎರಡು. ಮುಂಡರಗಿಯಿಂದ ಗದಗಿಗೆ ಬಂದು ಹುಬ್ಬಳ್ಳಿ–ಮೈಸೂರು ಹಂಪಿ ಎಕ್ಸ್‌ಪ್ರೆಸ್ ಹಿಡಿಯುವುದು ಒಂದು. ಸಂಜೆ ಹುಬ್ಬಳ್ಳಿ ಬಿಡುವ ಈ ಗಾಡಿ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೇಲೆ ಹಾದು ನಸುಕಿನಲ್ಲಿ ಬೆಂಗಳೂರು ಮುಟ್ಟಿ, ಅಲ್ಲಿಂದ ಮೈಸೂರಿಗೆ ಮುಂದುವರಿಯುತ್ತದೆ. ಇನ್ನೊಂದು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ತಾಯಿ, ಅಜ್ಜಿ, ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ಬೆಂಗಳೂರಿಗೆ ಹೋಗಿಬರುವ ಖರ್ಚಿನಲ್ಲಿ ಇದರಿಂದ ಉಳಿಯುವ ಹಣ ಸಣ್ಣದಲ್ಲ. ಆ ಹಣದಲ್ಲಿ ಒಂದು ಪಾಲನ್ನು ಪಾರ್ಕಿನಲ್ಲಿ ಲಾಕರ್ ಬಾಡಿಗೆಗೆ ಎತ್ತಿಡಬೇಕು. ಚೀಲ ಕಾಯುವ ಕೆಲಸವನ್ನು ಬೀಗಕ್ಕೆ ವಹಿಸಿದರೆ ಒಬ್ಬ ಹೆಣ್ಣುಮಗಳಿಗೆ ಬಿಡುಗಡೆ ಸಿಗುತ್ತದೆ. ಲಾಕರ್ ದುಬಾರಿ ಎಂದು ಕೈಬಿಡುವವರು ಸಾವಿರ ರೂಪಾಯಿಗೂ ಮೇಲಿನ ಅವಳ ಟಿಕೆಟನ್ನು ಮೆಟ್ಟಿಲ ಮೇಲೆ ಕೂರಿಸಿರುತ್ತಾರೆ.

ಇನ್ನು ಬಟ್ಟೆ. ವಾಟರ್ ಪಾರ್ಕಿಗೆ ಹೋಗುವ ಬಹುಪಾಲು ಮನೆಗಳಲ್ಲಿ ದಿನ ಕೆಡುವುದು ಇಲ್ಲೇ.

ನೀರಿನ ಆಟಗಳಿಗೆ ಸೀರೆ, ಹತ್ತಿಯ ಚೂಡಿದಾರ, ದುಪಟ್ಟಾ, ಪಂಚೆ, ಜೀನ್ಸ್ ನಡೆಯುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರಿನ ಮೈಗೊಪ್ಪುವ ಬಟ್ಟೆ ಬೇಕು. ಬಾಗಿಲಲ್ಲಿ ಇದನ್ನು ಕೇಳಿ ಹಳ್ಳಿಯ ಹೆಂಗಸರು ‘ಇದು ನಮಗಲ್ಲ’ ಎಂದು ಹಿಂದೆ ಸರಿಯುತ್ತಾರೆ. ನಿಯಮದ ಹಿಂದಿನ ಕಾರಣ ತಿಳಿದರೆ ಹಾಗೆ ಸರಿಯಬೇಕಾಗಿಲ್ಲ. ಹತ್ತಿ ನೀರು ಕುಡಿಯುತ್ತದೆ. ಆರು ಗಜದ ಹತ್ತಿ ಸೀರೆ ಪೂರ್ತಿ ನೆನೆದರೆ ಅದರ ತೂಕ ಎಷ್ಟಾಗುತ್ತದೆಂಬುದು ಹೊಳೆಯಲ್ಲಿ ಬಟ್ಟೆ ಒಗೆದ ಕೈಗೆ ಗೊತ್ತು. ಅಷ್ಟು ಭಾರ ಹೊತ್ತು ಅಲೆಗೆ ಎದುರು ನಿಲ್ಲುವುದು ಕಷ್ಟ, ಬಿದ್ದರೆ ಏಳುವುದು ಇನ್ನೂ ಕಷ್ಟ, ಕಾಲಿಗೆ ಸುತ್ತಿಕೊಂಡರೆ ಅಪಾಯ. ಜಾರುಬಂಡೆಯ ಮೇಲೆ ಒದ್ದೆ ಹತ್ತಿ ಅಂಟಿಕೊಂಡು ನಡುದಾರಿಯಲ್ಲೇ ನಿಲ್ಲಿಸಿಬಿಡುತ್ತದೆ. ಹಿಂದಿನಿಂದ ಬರುವವರು ಬಂದು ಬಡಿಯುತ್ತಾರೆ. ಹತ್ತಿಯ ನೂಲೆಳೆ ಬಿಡಿಸಿಕೊಂಡು ಶೋಧಕಗಳಿಗೆ ಸೇರಿ ಅವನ್ನು ಕಟ್ಟಿಹಾಕುತ್ತದೆ. ಜೀನ್ಸಿನ ತಾಮ್ರದ ಗುಂಡಿ, ಪ್ಯಾಂಟಿನ ಜಿಪ್ಪು ಫೈಬರ್ ಜಾರುಬಂಡೆಯ ನುಣುಪು ಮೈಯನ್ನು ಗೀರುತ್ತವೆ. ಆ ಗೀರು ಮುಂದೆ ಯಾರದೋ ಬೆನ್ನನ್ನು ಗೀರುತ್ತದೆ.

ಮೈಮುಚ್ಚುವ ಬಟ್ಟೆಗೆ ಅಡ್ಡಿಯಿಲ್ಲ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಉದ್ದ ತೋಳಿನ ಪಾಲಿಯೆಸ್ಟರ್ ಟೀ ಶರ್ಟು, ಹಿಮ್ಮಡಿವರೆಗಿನ ನೈಲಾನ್ ಲೆಗ್ಗಿಂಗು ತೊಟ್ಟು ಅರವತ್ತರ ಅಜ್ಜಿಯೂ ಅಳುಕಿಲ್ಲದೆ ನೀರಿಗಿಳಿಯಬಹುದು. ಗದಗದ ಪೇಟೆಯಲ್ಲಿ ಕ್ರೀಡಾ ಉಡುಪು ಮಾರುವ ಅಂಗಡಿಗಳಲ್ಲಿ ಇವು ಸಿಗುತ್ತವೆ. ಪಾರ್ಕಿನೊಳಗಿನ ಅಂಗಡಿಗಿಂತ ಅಗ್ಗವಾಗಿಯೂ ಸಿಗುತ್ತವೆ. ತಿಳಿಬಣ್ಣ ಬೇಡ, ಒದ್ದೆಯಾದರೆ ಮುಜುಗರ. ಕಡುನೀಲಿ, ಕಪ್ಪು, ಕಂದು ಆದೀತು. ಹೊರಡುವ ಒಂದು ವಾರ ಮೊದಲೇ ಕೊಂಡು, ಮನೆಯ ಬಚ್ಚಲಲ್ಲೊಮ್ಮೆ ತೊಟ್ಟು ನೀರು ಹೊಯ್ದುಕೊಂಡು ನೋಡಿದರೆ ಆ ಬಟ್ಟೆಯ ಬಗ್ಗೆ ಇರುವ ಅರ್ಧ ಸಂಕೋಚ ಅಲ್ಲೇ ಕರಗುತ್ತದೆ.

ಗಾಜಿನ ಬಳೆಯ ಮಾತು ಬೇರೆಯೇ ಹೇಳಬೇಕು. ಜಾರುಬಂಡೆಯ ತಿರುವಿನಲ್ಲಿ ಕೈ ಬಡಿದು ಬಳೆ ಒಡೆದರೆ ಚೂರು ನೀರಿನಲ್ಲಿ ಕಾಣುವುದಿಲ್ಲ. ಬರಿಗಾಲಿನ ಮಕ್ಕಳೇ ಅದನ್ನು ಹುಡುಕುವುದು. ಆ ಒಂದು ದಿನಕ್ಕೆ ಪ್ಲಾಸ್ಟಿಕ್ ಬಳೆ ತೊಟ್ಟರಾಯಿತು. ತಾಳಿಯನ್ನು ಬಟ್ಟೆಯ ಒಳಗೆ ಸೇರಿಸಿ ಪಿನ್ನು ಹಾಕುವ ಬದಲು ಕೊರಳಿಗೆ ಅರಿಸಿನದ ದಾರವಷ್ಟೇ ಕಟ್ಟಿಕೊಂಡು, ಬಂಗಾರವನ್ನು ಊರಲ್ಲೇ ಬಿಟ್ಟು ಬರುವವರೇ ಜಾಣರು. ಪ್ರವಾಸದ ದಿನಾಂಕ ಗೊತ್ತುಮಾಡುವಾಗ ಮನೆಯ ಹೆಣ್ಣುಮಕ್ಕಳ ಮುಟ್ಟಿನ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ಯಾಡ್ ಹಾಕಿಕೊಂಡು ಕೊಳಕ್ಕೆ ಇಳಿಯಲಾಗುವುದಿಲ್ಲ. ಈ ಮಾತನ್ನು ಯಾರೂ ಆಡದೆ ಟಿಕೆಟ್ ಬುಕ್ಕಾಗುವುದರಿಂದಲೇ ಎಷ್ಟೋ ಹುಡುಗಿಯರು ‘ತಲೆನೋವು’ ಎಂದು ಹೇಳಿ ದಿನವಿಡೀ ನೆರಳಲ್ಲಿ ಕೂರುತ್ತಾರೆ.

ವಾರದ ನಡುವಿನ ದಿನ ಹೋದರೆ ಟಿಕೆಟ್ಟೂ ಕಡಿಮೆ, ಸರದಿಯೂ ಕಡಿಮೆ. ಮೊದಲೇ ಆನ್‌ಲೈನ್‌ನಲ್ಲಿ ಕೊಂಡರೆ ರಿಯಾಯಿತಿ ಸಿಗುವುದುಂಟು. ಕಾಲೇಜಿನ ಮಕ್ಕಳು ಗುರುತಿನ ಚೀಟಿ ಮರೆಯಬಾರದು. ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಆದ್ದರಿಂದ ಮನೆಯ ಗೋಡೆಗೆ ನಿಲ್ಲಿಸಿ ಅಳೆದುಕೊಂಡೇ ಹೊರಡುವುದು ಒಳ್ಳೆಯದು. ಅಳತೆಯಿಂದ ಇನ್ನೊಂದು ಲಾಭವಿದೆ. ಯಾವ ಆಟಕ್ಕೆ ಎಷ್ಟು ಎತ್ತರ ಬೇಕೆಂದು ಜಾಲತಾಣದಲ್ಲಿ ನೋಡಿ ಮಗುವಿಗೆ ಊರಲ್ಲೇ ತಿಳಿಸಿ ಹೇಳಬಹುದು. ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತು, ಅಳತೆಗೋಲಿನ ಕೆಳಗೆ ಎರಡು ಬೆರಳು ಗಿಡ್ಡವಾದ ಮಗುವಿನ ಅಳುವನ್ನು ಸಮಾಧಾನ ಮಾಡುವುದು ಯಾವ ಐಸ್‌ಕ್ರೀಮಿನಿಂದಲೂ ಆಗದ ಕೆಲಸ.

ಎತ್ತರದ ನಿಯಮವನ್ನು ಬೇಡಿಕೊಂಡು, ಕಾಡಿ ಸಡಿಲಿಸಿಕೊಳ್ಳಲು ನೋಡುವ ಅಪ್ಪಂದಿರಿಗೆ ಜಾರುಬಂಡೆಯ ಲೆಕ್ಕ ಗೊತ್ತಿರಬೇಕು. 12 ಮೀಟರ್, ಅಂದರೆ ನಾಲ್ಕಂತಸ್ತಿನ ಮನೆಯಷ್ಟು ಎತ್ತರದಿಂದ ಜಾರುವವರ ವೇಗ, ಎಲ್ಲೂ ಉಜ್ಜದಿದ್ದರೆ, ತಳದಲ್ಲಿ ಗಂಟೆಗೆ 55 ಕಿಲೋಮೀಟರ್ ಮುಟ್ಟುತ್ತದೆ. ಬಂಡೆಯ ಉಜ್ಜು, ನೀರಿನ ತಡೆ ಸೇರಿ ಇದನ್ನು ತಗ್ಗಿಸುತ್ತವೆ. ಮೈ ಮತ್ತು ಬಂಡೆಯ ನಡುವೆ ಹರಿಯುವ ತೆಳುನೀರಿನ ಪದರವೇ ಇಡೀ ಆಟದ ಗುಟ್ಟು. ಅದನ್ನು ಕಾಪಾಡಲು ಪಂಪುಗಳು ನಿಮಿಷಕ್ಕೆ ಸಾವಿರಾರು ಲೀಟರ್ ನೀರನ್ನು ಮೇಲಕ್ಕೆತ್ತಿ ಸುರಿಯುತ್ತಲೇ ಇರುತ್ತವೆ. ತಿರುವುಗಳಲ್ಲಿ ದೇಹ ಗೋಡೆ ಹತ್ತುವುದು, ಜಾತ್ರೆಯ ಸಾವಿನ ಬಾವಿಯಲ್ಲಿ ಮೋಟರ್ ಸೈಕಲ್ಲು ಗೋಡೆಗೆ ಅಂಟಿಕೊಂಡು ಸುತ್ತುವ ಅದೇ ನಿಯಮದಿಂದ. ಬಂಡೆಯ ಅಂಚು ಎಷ್ಟೆತ್ತರ ಇರಬೇಕು, ತಳದ ಕೊಳ ಎಷ್ಟುದ್ದ ಇರಬೇಕು ಎಂಬುದನ್ನು ಒಂದು ಗೊತ್ತಾದ ಮೈಕಟ್ಟು, ತೂಕಗಳಿಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಲೆಕ್ಕದ ಹೊರಗಿನ ದೇಹ ಬಂದರೆ ಬಂಡೆಗೆ ಅದು ತಿಳಿಯುವುದಿಲ್ಲ.

ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 2014ರಲ್ಲಿ ತೆರೆದ ಒಂದು ಜಾರುಬಂಡೆ 51 ಮೀಟರಿಗೂ ಎತ್ತರವಿತ್ತು. ಜಗತ್ತಿನಲ್ಲೇ ಅತಿ ಎತ್ತರದ್ದೆಂದು ಹೆಸರಾಗಿತ್ತು. ಮೂವರು ಕೂರುವ ರಬ್ಬರ್ ತೆಪ್ಪ 2016ರ ಆಗಸ್ಟಿನಲ್ಲಿ ನಡುವಿನ ದಿಬ್ಬದ ಮೇಲೆ ಗಾಳಿಗೆ ಎದ್ದು, ಹತ್ತು ವರ್ಷದ ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಆ ಬಂಡೆಯನ್ನು ಆಮೇಲೆ ಕಳಚಿ ಹಾಕಿದರು. ತೆಪ್ಪದ ಸರದಿಯಲ್ಲಿ ಸಿಬ್ಬಂದಿ ‘ನೀವು ಮುಂದೆ ಕೂರಿ, ನೀವು ಹಿಂದೆ’ ಎಂದು ತೂಕ ನೋಡಿ ಕೂರಿಸುವಾಗ ತಕರಾರು ತೆಗೆಯದಿರಲು ಇಷ್ಟು ತಿಳಿದಿದ್ದರೆ ಸಾಕು. ಮಲಗಿ ಜಾರುವಾಗ ಎದೆಯ ಮೇಲೆ ಕೈಕಟ್ಟು, ಕಾಲಿನ ಮೇಲೆ ಕಾಲು. ಎದ್ದು ಕೂರುವಂತಿಲ್ಲ, ಕೈ ಊರಿ ನಿಲ್ಲಿಸಲು ನೋಡುವಂತಿಲ್ಲ. ರಕ್ತದೊತ್ತಡ, ಎದೆ, ಬೆನ್ನಿನ ತೊಂದರೆ ಇರುವವರು, ಬಸುರಿಯರು ಈ ಬಂಡೆಗಳನ್ನು ಹತ್ತಲೇಬಾರದು.

ಅಲೆಗಳ ಕೊಳಕ್ಕೆ ಬರೋಣ. ಕಡಲು ಕಾಣದ ಸೀಮೆಯವರಿಗೆ ಇದರಷ್ಟು ಹಿಡಿಸುವ ಆಟ ಇನ್ನೊಂದಿಲ್ಲ.

ಕೊಳದ ಆಳದ ತುದಿಯಲ್ಲಿ ಒಂದು ಗೋಡೆ. ಅದರ ಹಿಂದೆ ಕೋಣೆಗಳು. ಕೆಳಗಡೆ ಅವು ಕೊಳದ ನೀರಿಗೆ ತೆರೆದುಕೊಂಡಿರುತ್ತವೆ. ದೊಡ್ಡ ಫ್ಯಾನುಗಳು ಆ ಕೋಣೆಗಳೊಳಗೆ ಗಾಳಿ ತುಂಬಿ ನೀರನ್ನು ಕೆಳಕ್ಕೆ ಒತ್ತುತ್ತವೆ, ಮರುಗಳಿಗೆ ಗಾಳಿ ಬಿಡುತ್ತವೆ. ಕಮ್ಮಾರನ ಕುಲುಮೆಯ ತಿದಿ ಉಸಿರೆಳೆದು ಬಿಟ್ಟಂತೆ ನೀರು ಇಳಿದು ಏರುತ್ತದೆ. ಒತ್ತುವ, ಬಿಡುವ ತಾಳ ಕೂಡಿದಾಗ ಅಲೆ ಎದ್ದು, ತಳ ಮೇಲೇರುತ್ತ ಬರುವ ದಂಡೆಯ ಕಡೆಗೆ ಸಾಗಿ ಬಂದು ಮುರಿಯುತ್ತದೆ. ಜರ್ಮನಿಯ ರಾಡೆಬೊಯ್ಲ್ ಎಂಬ ಊರಿನ ಸ್ನಾನದ ಕೊಳದಲ್ಲಿ 1912ರಲ್ಲೇ ‘ಉಂಡೋಸಾ’ ಎಂಬ ಅಲೆಯಂತ್ರ ಕೂರಿಸಿದ್ದರು. ಈಗಿನವು ಅದರ ದೊಡ್ಡ ಮೊಮ್ಮಕ್ಕಳು.

ಅಲೆ ಸದಾ ಇರುವುದಿಲ್ಲ. ಕೆಲವು ನಿಮಿಷ ಅಲೆ, ಕೆಲವು ನಿಮಿಷ ಬಿಡುವು; ಶುರುವಾಗುವ ಮೊದಲು ಸೈರನ್ ಕೂಗುತ್ತದೆ. ಕೂಗು ಕೇಳಿದ ಕೂಡಲೇ ಜನ ಆಳದ ಕಡೆ ನುಗ್ಗುತ್ತಾರೆ. ಆಗ ಈಜು ಬಾರದವರು ದಂಡೆಯ ಕಡೆಗೇ ಇರಬೇಕು. ಮೊದಲ ಸಲ ಬಂದವರು ಒಂದು ಸುತ್ತು ಅಲೆಯನ್ನು ಮೊಣಕಾಲು ನೀರಿನಲ್ಲಿ ನಿಂತು ನೋಡಲಿ. ಎರಡನೆಯ ಸುತ್ತಿಗೆ ಸೊಂಟ. ಅದಕ್ಕಿಂತ ಮುಂದೆ ಹೋಗಬೇಕಾದ ಅಗತ್ಯವೇ ಇಲ್ಲ. ಅಲೆ ಮುರಿದು ನೊರೆಯಾಗಿ ಮೈಮೇಲೆ ಬೀಳುವ ಸುಖ ಇರುವುದು ದಂಡೆಯ ಕಡೆಗೇ. ಮಗುವಿನ ಜೊತೆ ನಿಲ್ಲುವ ದೊಡ್ಡವರು ಮಗು ಮತ್ತು ಆಳದ ನಡುವೆ ನಿಲ್ಲಬೇಕು, ಕೈಗೆಟುಕುವಷ್ಟು ಹತ್ತಿರ. ಗಾಳಿ ತುಂಬಿದ ಟ್ಯೂಬು ಮಗುವಿನ ಸೊಂಟಕ್ಕಿದೆ ಎಂದು ಮೊಬೈಲಿನತ್ತ ತಿರುಗುವಂತಿಲ್ಲ. ಅಲೆಗೆ ಟ್ಯೂಬು ಮಗುಚಿದರೆ ತಲೆ ಕೆಳಗಾಗುತ್ತದೆ.

ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕಿರುತ್ತದೆ, ಉಸಿರಿಗೇ ಹೊತ್ತಿಲ್ಲದವರಿಗೆ ಕೂಗು ಎಲ್ಲಿಂದ ಬರಬೇಕು? ಸುತ್ತ ನೂರು ಜನ ನಗುತ್ತಿರುವಾಗ ಒಂದು ತಲೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಭಾರತದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಸುದ್ದಿ ರಾಜ್ಯದ ಪ್ರತಿ ಶಾಲೆಯನ್ನೂ ಕಲಕಿತ್ತು. ಶಿಕ್ಷಕರು ಐವತ್ತು ಮಕ್ಕಳನ್ನು ಪಾರ್ಕಿಗೆ ಕರೆತಂದಾಗ ಇಬ್ಬಿಬ್ಬರ ಜೋಡಿ ಮಾಡಿ, ಅರ್ಧ ಗಂಟೆಗೊಮ್ಮೆ ನೀರಿನಿಂದ ಎಬ್ಬಿಸಿ ಎಣಿಸುವುದು ಒಳ್ಳೆಯದು. ಒಂದೇ ಗಾಢಬಣ್ಣದ ಟೊಪ್ಪಿಗೆ ಇದ್ದರೆ ಎಣಿಕೆ ಸಲೀಸು. ನೀಲಿ ಬೇಡ, ನೀಲಿ ಕೊಳದಲ್ಲಿ ನೀಲಿ ಟೊಪ್ಪಿಗೆ ಕಾಣುವುದಿಲ್ಲ.

ಹೊಳೆಯಲ್ಲಿ ಈಸುವ ಹುಡುಗರಿಗೆ ಇದೆಲ್ಲ ಅತಿ ಎನಿಸೀತು. ತುಂಗಭದ್ರೆಯಲ್ಲಿ ಉಸುಕು ತೆಗೆದ ಗುಂಡಿಗಳಿವೆ, ಮಡುಗಳಿವೆ, ಸೆಳವಿದೆ, ಮೊಸಳೆಯೂ ಇದೆ. ನಿನ್ನೆ ಮೊಣಕಾಲುದ್ದ ಇದ್ದ ಜಾಗದಲ್ಲಿ ಇವತ್ತು ಆಳು ಮುಳುಗುವಷ್ಟು ನೀರಿರಬಹುದು. ಅಂಥ ನೀರಿಗೆ ಹೋಲಿಸಿದರೆ ಪಾರ್ಕಿನ ಕೊಳ ಎಷ್ಟೋ ಸುರಕ್ಷಿತ: ಆಳವನ್ನು ಗೋಡೆಯ ಮೇಲೆ ಬರೆದಿರುತ್ತಾರೆ, ತಳ ಕಾಣುತ್ತದೆ, ಎತ್ತರದ ಕುರ್ಚಿಯ ಮೇಲೆ ಸೀಟಿ ಹಿಡಿದ ರಕ್ಷಕರಿರುತ್ತಾರೆ. ಈಜು ಬಾರದ ನಲವತ್ತರ ಹೆಂಗಸು ಎದೆಮಟ್ಟದ ನೀರಿನಲ್ಲಿ ಕಾಲೂರಿ ನಿಂತು, ಉಸಿರು ಕಟ್ಟಿ ಮುಖ ಮುಳುಗಿಸಿ, ಕಣ್ಣುಬಿಟ್ಟು ತಳ ನೋಡಬಹುದಾದ ಜಾಗ ಅವಳ ಊರಿನ ಸುತ್ತಮುತ್ತ ಸಿಗುವುದು ಕಷ್ಟ.

ತಳ ಕಾಣುವುದು ನೀರಿನ ಸ್ವಚ್ಛತೆಯ ಮೊದಲ ಪರೀಕ್ಷೆಯೂ ಹೌದು. ಆಳದ ಕಡೆಯ ಹಂಚಿನ ಗೆರೆ, ತೂಬಿನ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಆ ಕೊಳಕ್ಕೆ ಇಳಿಯಬೇಡಿ. ಅಲ್ಲಿ ಮುಳುಗಿದವರು ರಕ್ಷಕರಿಗೂ ಕಾಣರು. ಪಾರ್ಕಿನ ನೀರು ಮರಳಿನ ಶೋಧಕಗಳ ಮೂಲಕ ಸುತ್ತುತ್ತಲೇ ಇರುತ್ತದೆ, ಕ್ಲೋರಿನ್ ಬೆರೆಯುತ್ತಲೇ ಇರುತ್ತದೆ. ಈಜುಕೊಳದ ನೀರು ಹೇಗಿರಬೇಕೆಂಬುದಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 3328 ಎಂಬ ಮಾನದಂಡವೇ ಇದೆ. ಮೂಗಿಗೆ ಅಡರುವ ‘ಕ್ಲೋರಿನ್ ವಾಸನೆ’ ಬಂದರೆ ಔಷಧಿ ಚೆನ್ನಾಗಿ ಹಾಕಿದ್ದಾರೆಂದು ಜನ ತಿಳಿಯುತ್ತಾರೆ. ವಿಷಯ ತಿರುಗಾಮುರುಗಾ. ಕ್ಲೋರಿನ್ನು ಬೆವರು, ಮೂತ್ರಗಳ ಜೊತೆ ಕೂಡಿ ಕ್ಲೋರಮಿನ್ ಆದಾಗ ಬರುವ ವಾಸನೆ ಅದು. ಕಣ್ಣು ಕೆಂಪಾಗುವುದೂ ಅದರಿಂದಲೇ. ತಲೆಗೆ ಎಣ್ಣೆ ಹಚ್ಚದೆ, ಕೊಳಕ್ಕೆ ಇಳಿಯುವ ಮೊದಲು ಷವರ್‌ನಲ್ಲಿ ಮೈ ತೊಳೆದು, ಮಕ್ಕಳನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ದರೆ ಎಲ್ಲರ ಕಣ್ಣೂ ಉಳಿಯುತ್ತದೆ. ಭೇದಿಯಾಗುತ್ತಿರುವ ಮಗುವನ್ನು ಇಳಿಸಲೇಬಾರದು. ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ವಾರಕ್ಕೂ ಹೆಚ್ಚು ಕಾಲ ಬದುಕುತ್ತದೆ.

ಊಟದ ವಿಷಯ ಬೇಗ ಹೇಳಿ ಮುಗಿಸಬಹುದು. ದೊಡ್ಡ ಪಾರ್ಕುಗಳು ಹೊರಗಿನ ತಿಂಡಿ ಬಿಡುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ರೈಲಿನಲ್ಲೇ ಬಿಚ್ಚಿ. ಬೆಳಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ಸಿಗುತ್ತದೆ. ತಟ್ಟೆಯಷ್ಟೇ ಅಗಲದ, ಮೇಲೆ ಬೆಣ್ಣೆ ಕರಗುವ ಆ ಇಡ್ಲಿ ಎರಡು ತಿಂದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಎಲ್ಲರೂ ಉಣ್ಣಲು ಓಡುವ ಒಂದೂವರೆ–ಎರಡು ಗಂಟೆಗೆ ಜಾರುಬಂಡೆಗಳ ಸರದಿ ಸಣ್ಣದಾಗಿರುತ್ತದೆ. ನೀರಿನಲ್ಲಿದ್ದಾಗ ಬೆವರು ಗೊತ್ತಾಗುವುದಿಲ್ಲ, ಬಾಯಾರಿಕೆಯೂ ಗೊತ್ತಾಗುವುದಿಲ್ಲ; ಕುಡಿಯುವ ನೀರನ್ನು ನೆನಪಿಟ್ಟು ಕುಡಿಯಬೇಕು.

ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಮುಖ್ಯ. ನೀರಿನ ಆಟಗಳು ಒಣ ಆಟಗಳಿಗಿಂತ ತಡವಾಗಿ ಶುರುವಾಗಿ, ಪಾರ್ಕು ಮುಚ್ಚುವ ಮೊದಲೇ ನಿಲ್ಲುತ್ತವೆ. ಹಾಗಾಗಿ ನೀರಿಗೆ ಸಿಗುವ ಹೊತ್ತು ಜನ ಎಣಿಸಿದ್ದಕ್ಕಿಂತ ಕಡಿಮೆ. ಒಳಹೋದವರೆಲ್ಲ ಕಣ್ಣಿಗೆ ಬಿದ್ದ ಮೊದಲ ಆಟಕ್ಕೆ ಮುಗಿಬೀಳುವುದರಿಂದ ತೀರ ಹಿಂದಿನ ಆಟದಿಂದ ಶುರುಮಾಡುವುದು ಲೇಸು. ಡಿಸೆಂಬರ್, ಜನವರಿಯಲ್ಲಿ ಹೋಗುವ ಶಾಲೆಗಳು ಬಿಸಿಲೇರುವವರೆಗೆ ಒಣ ಆಟ ಆಡಿಸಿ ಆಮೇಲೆ ನೀರಿಗಿಳಿಸಲಿ. ಗದಗದ ಬಿಸಿಲಿಗೆ ಒಗ್ಗಿದ ಮಕ್ಕಳಿಗೆ ಬೆಂಗಳೂರಿನ ಚಳಿಗಾಳಿಯಲ್ಲಿ ಒದ್ದೆ ಮೈ ಬೇಗ ನಡುಗುತ್ತದೆ. ತುಟಿ ನೀಲಿಯಾದರೆ ಎಬ್ಬಿಸಿ ಟವೆಲ್ ಸುತ್ತಬೇಕು. ಅಂಥವರಿಗೆ ಬೆಚ್ಚನೆ ನೀರು ಸುರಿಯುವ ರೇನ್ ಡಿಸ್ಕೊ ಹಿಡಿಸುತ್ತದೆ.

ಬರದ ಸೀಮೆಯಿಂದ ಹೋದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಮುಂಡರಗಿ ತಾಲ್ಲೂಕು ಎಷ್ಟೋ ವರ್ಷ ಮಳೆಯ ದಾರಿ ಕಾದಿದೆ. ಹಮ್ಮಿಗಿಯ ಬ್ಯಾರೇಜ್ ಕಟ್ಟಿ ಸಿಂಗಟಾಲೂರು ಏತ ನೀರಾವರಿ ಶುರುವಾಗುವ ಹೊತ್ತಿಗೆ ಎರಡು ತಲೆಮಾರು ಕಳೆದಿದ್ದವು. ಗದಗ–ಬೆಟಗೇರಿಯ ನಳಗಳಿಗೂ ತುಂಗಭದ್ರೆಯೇ ಗತಿ. ಕೊಡದ ಲೆಕ್ಕದಲ್ಲಿ ನೀರು ಬಳಸುವ ಮನೆಯವರಿಗೆ ಆಟಕ್ಕೆ ಇಷ್ಟು ನೀರು ಸುರಿಯುವುದು ಸರಿಯೇ ಎನ್ನಿಸುವುದು ನ್ಯಾಯವಾದದ್ದೇ. 30 ಮೀಟರ್ ಉದ್ದ, 20 ಮೀಟರ್ ಅಗಲ, ಸರಾಸರಿ ಒಂದು ಮೀಟರ್ ಆಳದ ಕೊಳವೊಂದರಲ್ಲಿ 6 ಲಕ್ಷ ಲೀಟರ್ ನೀರಿರುತ್ತದೆ. ಅದನ್ನು ದಿನವೂ ಚೆಲ್ಲುವುದಿಲ್ಲ. ಶೋಧಿಸಿ ತಿಂಗಳುಗಟ್ಟಲೆ ಸುತ್ತಿಸುತ್ತಾರೆ. ನಷ್ಟವಾಗುವುದು ಆವಿಯಾಗಿ, ಎರಚಾಟದಲ್ಲಿ, ಶೋಧಕ ತೊಳೆಯುವಾಗ. ಬಿಸಿಲಿನ ದಿನ ಆರು ಮಿಲಿಮೀಟರ್ ಆವಿಯಾದರೂ ಅಷ್ಟಗಲದ ಕೊಳದಿಂದ 3,600 ಲೀಟರ್ ಗಾಳಿಗೆ ಹೋಗುತ್ತದೆ. 2024ರ ಮಾರ್ಚಿನ ನೀರಿನ ಬಿಕ್ಕಟ್ಟಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ವಿಧಿಸಿತ್ತು. ಹೋಳಿಯ ರೇನ್ ಡಾನ್ಸ್‌ಗೂ ಕಡಿವಾಣ ಬಿದ್ದಿತ್ತು. ಮಳೆನೀರು ಹಿಡಿದು, ಬಳಸಿದ ನೀರನ್ನು ಶುದ್ಧೀಕರಿಸಿ ಗಿಡಗಳಿಗೆ ಬಿಡುವ ಪಾರ್ಕುಗಳನ್ನೇ ಆರಿಸಿಕೊಳ್ಳುವ ಹಕ್ಕು ಟಿಕೆಟ್ ಕೊಳ್ಳುವವರಿಗಿದೆ. ಶಾಲೆಗಳು ಬುಕ್ ಮಾಡುವಾಗ ನಿಮ್ಮ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿ. ಮಕ್ಕಳಿಗೆ ಶೋಧಕದ ಕೋಣೆ ತೋರಿಸುವಿರಾ ಎಂದೂ ಕೇಳಲಿ. ಗದಗ ಜಿಲ್ಲೆಯ ಮಕ್ಕಳಿಗೆ ಅದಕ್ಕಿಂತ ಉಪಯುಕ್ತವಾದ ವಿಜ್ಞಾನದ ಪಾಠ ಪ್ರವಾಸದಲ್ಲಿ ಬೇರೆ ಸಿಗದು.

ಮಧ್ಯಾಹ್ನ ಮೂರೂವರೆಯ ಮೇಲಿನ ಹೊತ್ತನ್ನು ಲೇಜಿ ರಿವರ್‌ಗೆ ಮೀಸಲಿಡಬೇಕು. ಸೊಂಟಮಟ್ಟದ ನೀರಿನ ಕಾಲುವೆಯೊಂದು ಗಿಡಗಳ ನಡುವೆ ಸುತ್ತಿ ಬರುತ್ತದೆ. ಪಂಪುಗಳು ಮೆಲ್ಲಗೆ ತಳ್ಳುವ ಸೆಳವಿನಲ್ಲಿ ಟ್ಯೂಬಿನೊಳಗೆ ಕೂತರೆ ತೇಲಿಕೊಂಡು ಹೋಗುವುದಷ್ಟೇ ಕೆಲಸ. ಬೆಳಗ್ಗೆಯಿಂದ ಹುಡುಗರ ಕೂಗಾಟಕ್ಕೆ ಸೋತ ದೊಡ್ಡವರಿಗೆ, ಬಂಡೆ ಏರಲಾಗದ ಹಿರಿಯರಿಗೆ ಹೇಳಿ ಮಾಡಿಸಿದ ಜಾಗ. ಟ್ಯೂಬು ಹತ್ತುವಾಗ ಮಾತ್ರ ಯಾರಾದರೂ ಅದನ್ನು ಗಟ್ಟಿಯಾಗಿ ಹಿಡಿದಿರಬೇಕು. ಹಿಂದಕ್ಕೆ ತಿರುಗಿ ಕೂತು, ಬೆನ್ನು ಒರಗಿಸಿ, ಕಾಲು ಹೊರಗೆ. ಮೊದಲ ಸುತ್ತಿನಲ್ಲಿ ಕೈಗಳು ಟ್ಯೂಬಿನ ಹಿಡಿಯನ್ನು ಬಿಡುವುದಿಲ್ಲ. ಎರಡನೆಯ ಸುತ್ತಿಗೆ ಒಂದು ಕೈ ನೀರಿಗಿಳಿಯುತ್ತದೆ. ಮೂರನೆಯ ಸುತ್ತಿನಲ್ಲಿ ಅಂಗೈ ನೀರನ್ನು ಹಿಂದಕ್ಕೆ ತಳ್ಳತೊಡಗುತ್ತದೆ, ಟ್ಯೂಬು ತಾನು ಹೇಳಿದ ಕಡೆ ತಿರುಗುತ್ತದೆಂದು ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಮಕ್ಕಳು ಬಂದು ಹೊರಡೋಣವೆಂದು ಕರೆದರೆ ಇನ್ನೊಂದು ಸುತ್ತು ತಾಳಿ ಎನ್ನುವವಳು ಚೀಲ ಕಾಯುತ್ತಿದ್ದ ಆ ತಾಯಿಯೇ ಆಗಿರುತ್ತಾಳೆ.

ಒದ್ದೆ ಬಟ್ಟೆಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ ಒಯ್ದಿರಬೇಕು. ರಾತ್ರಿ ಬೆಂಗಳೂರು ಬಿಡುವ ಹಂಪಿ ಎಕ್ಸ್‌ಪ್ರೆಸ್ ಬೆಳಗ್ಗೆ ಗದಗ ಮುಟ್ಟಿಸುತ್ತದೆ. ಅಲ್ಲಿಂದ ಮುಂಡರಗಿಯ ಬಸ್ಸು, ಬಲಕ್ಕೆ ಕಪ್ಪತಗುಡ್ಡದ ಸಾಲು, ಆಮೇಲೆ ಕೊರ್ಲಹಳ್ಳಿ. ಮನೆ ಮುಂದಿನ ತಂತಿಯ ಮೇಲೆ ಆ ದಿನ ಕಡುನೀಲಿಯ ನೈಲಾನ್ ಲೆಗ್ಗಿಂಗುಗಳು ಒಣಗುತ್ತಿರುತ್ತವೆ, ಹುಡುಗರ ಚಡ್ಡಿಗಳ ಪಕ್ಕದಲ್ಲಿ.